ಕಪ್ಪು ಕಾರಿನ ಸುತ್ತುಗೆರೆಗಳು

"ಈ ಕಾರು ದಿನಾ ಒರೆಸೋರು ಯಾರಂಡಿ?"

ವಿಜಯವಾಡದ ಬೆಂಜ್ ಸರ್ಕಲ್ ಬಳಿ ಪಾಲಿಶ್ ಅಂಗಡಿಯ ಮುದುಕರು ನನ್ನ ಕಪ್ಪು ಅಂಬಾಸಡರಿನ ಬಾನೆಟ್ ಮೇಲೆ ಬಗ್ಗಿ ಕೇಳಿದರು. ಬಿಸಿಲಿನಲ್ಲಿ ಅದರ ತುಂಬ ಜೇಡರ ಬಲೆಯಂಥ ಸಣ್ಣ ಸುತ್ತುಗೆರೆಗಳು ಕಾಣುತ್ತಿದ್ದವು. ನಮ್ಮ ವಠಾರದ ಕಾವಲುಗಾರ ಅಪ್ಪಾರಾವೇ ಗೀಚಿದ್ದಾನೆಂದು ಬೈದು, ಅವನನ್ನೂ ಜೊತೆಗೆ ಎಳೆತಂದಿದ್ದೆ.

"ನಾನೇ. ದಿನಕ್ಕೆ ಮೂರು ಸಲ, ಒಣಬಟ್ಟೆಯಲ್ಲಿ. ಬೇರೆಯವರಿಗೆ ಮುಟ್ಟೋಕೂ ಬಿಡೋಲ್ಲ," ಎಂದೆ ಹೆಮ್ಮೆಯಿಂದ.

"ಹಾಗಾದ್ರೆ ಧೂಳಿನ ಸಮೇತ ಉಜ್ಜಿ ಗೀಚಿದೋರು ನೀವೇ ಸಾರ್. ಮೊದಲು ನೀರು ಹಾಕ್ಬೇಕು."

ಅಪ್ಪಾರಾವ್ ಮುಖ ಆಚೆ ತಿರುಗಿಸಿಕೊಂಡ. ಹೆಗಲು ಮಾತ್ರ ಕುಲುಕುತ್ತಿತ್ತು. ಮುದುಕರು ಎರಡು ಗಂಟೆ ಪಾಲಿಶ್ ತಿಕ್ಕಿ ಗೆರೆಗಳನ್ನು ಅಳಿಸಿದರು. "ತಪ್ಪಾಯಿತಪ್ಪ," ಎಂದು ನಾನು ಗೊಣಗಿದೆ. "ಪರವಾಲೇದು ಸಾರ್," ಪರವಾಗಿಲ್ಲ ಎಂದ ಅಪ್ಪಾರಾವ್.

ಶಾಖೆಗಳಲ್ಲಿ ಬೇರೆಯವರ ತಪ್ಪು ಹುಡುಕುವುದೇ ಬ್ಯಾಂಕಿನಲ್ಲಿ ನನ್ನ ಕೆಲಸ. ಸಂಜೆ ಆ ಗೆರೆಗಳು ಹೇಗೆ ಬಿದ್ದವೆಂದು ಹೆಂಡತಿ ವಿಚಾರಿಸಿದಾಗ ಮಾತ್ರ, "ಈ ಊರಿನ ಧೂಳೇ ಸರಿಯಿಲ್ಲ ಕಣೇ," ಎಂದುಬಿಟ್ಟೆ.