ಅಣ್ಣ ನೋಡುತ್ತಿದ್ದ ಡಾರ್ಟ್ಸ್

ಅಥವಾ ಅಣ್ಣ ಮಂಚವನ್ನು ತಟ್ಟಲೇ ಇಲ್ಲವೇನೋ — ಕೈ ಜಾರಿ ಮಂಚದ ಕಬ್ಬಿಣದ ಪಟ್ಟಿಗೆ ತಗುಲಿದ್ದನ್ನೇ ನಾನು ತಟ್ಟಿದ್ದೆಂದು ತಿಳಿದು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದೇನೋ. ಅದರ ಬಗ್ಗೆ ನನಗೆ ಖಾತ್ರಿಯಿಲ್ಲ. ಖಾತ್ರಿಯಿರುವುದು ಒಂದೇ: ಅತ್ತಿಗೆ ಬಾಗಿಲಲ್ಲಿ ನಿಂತು ಕೇಳಿದಾಗ ನಾನು ಸುಳ್ಳು ಹೇಳಿದೆ.

"ಏನ್ ಕೇಳ್ತಾವ್ರೆ ನಿಮ್ಮಣ್ಣ?"

"ಟಿವಿ ಜೋರು ಮಾಡು ಅಂತಾವ್ನೆ."

ಮಾತು ಹೋಗಿದ್ದ ಅಣ್ಣನ ಬಾಯಿಗೆ ಅವನು ಆಡದ ಮಾತೊಂದನ್ನು ಇಟ್ಟೆ. ರಿಮೋಟು ನನ್ನ ಕೈಯಲ್ಲೇ ಇತ್ತು. ಜೋರು ಮಾಡಿದೆ. ಟಿವಿಯಲ್ಲಿ ಡಾರ್ಟ್ಸ್ ಪಂದ್ಯ ನಡೆಯುತ್ತಿತ್ತು. ಯಾವುದೋ ದೂರದ ಸಭಾಂಗಣದ ಜನ ಕುಡಿದು ಹಾಡುತ್ತಿದ್ದರು. ಆ ಗದ್ದಲದಲ್ಲಿ ನಮ್ಮ ಅಂಗಳದ ಸದ್ದು ಮುಚ್ಚಿಹೋಯಿತು. ಮುಚ್ಚಲೆಂದೇ ಮಾಡಿದ್ದು.

ಇದನ್ನು ಮೊದಲಿಂದ ಹೇಳುವುದು ಹೇಗೋ ತಿಳಿಯುತ್ತಿಲ್ಲ. ಮೊದಲು ಎಂಬುದು ಯಾವಾಗಲೂ ಆಮೇಲೆ ಸೇರಿಸಿದ್ದು ಎಂಬ ಅನುಮಾನ ನನಗೆ. ಆದರೂ ಇಷ್ಟು ಹೇಳಬೇಕು. ನಮ್ಮದು ನೊಣವಿನಕೆರೆ ಕಡೆಯ ಹಳ್ಳಿ. ಎಲ್ಲರಂತೆ ನಮ್ಮ ಮನೆಯಲ್ಲೂ ಕೊಬ್ಬರಿ. ಬಲಿತ ಕಾಯಿಯನ್ನು ಸುಲಿಯದೆ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ, ಒಳಗಿನ ನೀರು ತಾನಾಗಿ ಹಿಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುವವರೆಗೆ ಹೆಚ್ಚುಕಡಿಮೆ ಒಂದು ವರ್ಷ ಕಾಯಬೇಕು. ಅಟ್ಟ ಇಳಿಸುವ ಹೊತ್ತು ಬಂತೋ ಇಲ್ಲವೋ ಎಂದು ಹೇಳುವವನು ಅಣ್ಣ. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಉಂಡೆ ಒಳಗೆ ಗಡಗಡ ಎಂದರೆ ಸರಿ, ಇಲ್ಲದಿದ್ದರೆ ಮತ್ತೆ ಅಟ್ಟಕ್ಕೆ. ನನಗೆ ಆ ವ್ಯತ್ಯಾಸ ಎಂದೂ ಗೊತ್ತಾಗಲಿಲ್ಲ. "ಕಿವೀಗೆ ಹತ್ತಿ ಇಟ್ಕಂಡಿದ್ದೀಯೇನ್ಲಾ" ಎಂದು ಆಳುಗಳ ಎದುರೇ ಅನ್ನುತ್ತಿದ್ದ. ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಅವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು, ಎಲ್ಲ ಒಂದೇ ಬೆಳಿಗ್ಗೆ. ಮಾಯಸಂದ್ರದಲ್ಲಿ ನನ್ನ ಜೆರಾಕ್ಸ್ ಅಂಗಡಿ ಮುಚ್ಚಿ ನಾನು ಮನೆಗೆ ಬಂದು ಕೂತಿದ್ದ ಕಾಲ ಅದು. ಬೇರೆ ಕೆಲಸವಿಲ್ಲದವನು ನಾನೊಬ್ಬನೇ ಆದ್ದರಿಂದ ಅವನ ಜೊತೆಗಿರುವುದು ನನ್ನ ಪಾಲಿಗೆ ಬಂತು. ಅಟ್ಟದ ಏಣಿಯ ಪಕ್ಕದ ಕೋಣೆ. ಒಂದು ಮಂಚ, ಒಂದು ಕುರ್ಚಿ, ಡೆಟಾಲಿನ ವಾಸನೆ, ಅಂಗಳಕ್ಕೆ ತೆರೆಯುವ ಒಂದು ಕಿಟಕಿ. ಕಿಟಕಿಯನ್ನು ನಾನು ಮುಚ್ಚಿಯೇ ಇಡುತ್ತಿದ್ದೆ. ಟಿವಿಯ ಮೇಲೆ ಬೆಳಕು ಬೀಳುತ್ತದೆ ಎಂದು.

ಡಾರ್ಟ್ಸ್ ಸಿಕ್ಕಿದ್ದು ಆಕಸ್ಮಿಕ. ಚಾನೆಲ್ ತಿರುಗಿಸುತ್ತಿದ್ದಾಗ ಬಣ್ಣಬಣ್ಣದ ಅಂಗಿ ತೊಟ್ಟ, ಹೊಟ್ಟೆ ಬಂದ ಒಬ್ಬ ನಡುವಯಸ್ಸಿನವನು ಗೆರೆಯ ಮೇಲೆ ನಿಂತು ಗೋಡೆಯ ದುಂಡು ಹಲಗೆಗೆ ಪುಟ್ಟ ಬಾಣ ಎಸೆಯುತ್ತಿದ್ದ. ಐನೂರ ಒಂದರಿಂದ ಶುರು. ಒಂದೊಂದು ಸರದಿಗೆ ಮೂರು ಬಾಣ. ಬಂದ ಅಂಕವನ್ನು ಕಳೆಯುತ್ತ ಕಳೆಯುತ್ತ ಸೊನ್ನೆ ಮುಟ್ಟಬೇಕು; ಕೊನೆಯ ಬಾಣ ಹೊರಸುತ್ತಿನ ಕಿರಿದಾದ ಪಟ್ಟಿಗೇ ಬೀಳಬೇಕು. ಎಲ್ಲ ಕಳೆದು ಇನ್ನು ಸ್ವಲ್ಪವೇ ಉಳಿದಿದ್ದಾಗ, ಬಾಣದ ಮೇಲೆ ಬಾಣ ಕೂದಲೆಳೆಯಷ್ಟು ಆಚೆ ಬಿದ್ದು, ಮುಗಿಸಲಾಗದೆ ನಿಂತವನ ಮುಖವನ್ನು ಕ್ಯಾಮೆರಾ ಹತ್ತಿರದಿಂದ ತೋರಿಸುತ್ತದೆ. ಅಲ್ಲಿಂದ ಇಳಿದು ಹೋಗುವ ಹಾಗಿಲ್ಲ. ಮತ್ತೆ ಅದೇ ಗೆರೆಗೆ ಬಂದು ನಿಲ್ಲಬೇಕು. ನನಗೆ ಅದು ಹತ್ತಿತು. ವರ್ಷದ ಕೊನೆಗೆ ವಿಶ್ವ ಚಾಂಪಿಯನ್‌ಶಿಪ್ ಬಂದಾಗ ಅಲ್ಲಿಯ ಮಧ್ಯಾಹ್ನದ ಪಂದ್ಯ ನಮಗೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿತ್ತು. ಮಾರನೆಯ ದಿನ ಅದನ್ನೇ ಮತ್ತೆ ಹಾಕುತ್ತಿದ್ದರು, ನಾನೂ ಮತ್ತೆ ನೋಡುತ್ತಿದ್ದೆ.

ಕಾಯಿ ಸುಲಿಯುವ ರಂಗಪ್ಪ ನೀರು ಕುಡಿಯಲು ಬಂದವನು ಒಮ್ಮೆ ಬಾಗಿಲಲ್ಲಿ ನಿಂತು ನೋಡಿ ನನ್ನನ್ನು ಕೇಳಿದ. "ಅಲ್ಲ ಲೋಕಣ್ಣ, ಹೊಟ್ಟೆ ಬುಟ್ಕಂಡು ಗೋಡೆಗೆ ಮೊಳೆ ಎಸ್ದ್ರೂ ಕಪ್ ಕೊಡ್ತಾರಾ? ಹೊಟ್ಟೆ ನಂಗೂ ಐತೆ. ಒಂದ್ ಮಾತು ಹೇಳಪ್ಪ, ಸುಲಿಯೋದು ಬುಟ್ಟು ಬತ್ತೀನಿ."

ಅಣ್ಣನ ತುಟಿಯ ಒಂದು ಮೂಲೆ ಅಲುಗಿತು. ನಕ್ಕಿದ್ದು ರಂಗಪ್ಪನ ಮಾತಿಗೆ. ಅದನ್ನು ನಾನು ಅತ್ತಿಗೆಗೆ ಹೇಳಿದ್ದು ಬೇರೆ ಥರ. "ಅಣ್ಣಂಗೆ ಇದು ಬಲೇ ಇಷ್ಟ ಕಣತ್ಗೆ. ಕಣ್ಣು ಮಿಟುಕಿಸ್ದಂಗೆ ನೋಡ್ತಾನೆ." ಟಿವಿ ಮಂಚದ ಎದುರೇ ಇತ್ತು. ಅವನ ಕತ್ತು ಬೇರೆ ಕಡೆ ತಿರುಗುತ್ತಿರಲಿಲ್ಲ. ಇದನ್ನು ನಾನು ಹೇಳಲಿಲ್ಲ, ಅತ್ತಿಗೆ ಯೋಚಿಸಲಿಲ್ಲ. ಅವರಿಗೆ ಅದೊಂದು ಸಮಾಧಾನವಾಗಿತ್ತು — ಗಂಡನಿಗೆ ಇನ್ನೂ ಏನೋ ಒಂದು ಇಷ್ಟವಾಗುತ್ತಿದೆ ಎಂಬುದು. ಬಂದವರಿಗೆಲ್ಲ ಹೇಳಿದರು. ಮಾತಾಡಿಸಲು ಬಂದ ನೆಂಟರು ಮಂಚದ ತುದಿಯಲ್ಲಿ ಕೂತು, ಅರ್ಥವಾಗದಿದ್ದರೂ ಸ್ವಲ್ಪ ಹೊತ್ತು ಬಾಣ ನೋಡಿ ಎದ್ದು ಹೋಗುತ್ತಿದ್ದರು.

ಮರುವರ್ಷದ ಅಟ್ಟ ಇಳಿಸಿದ್ದು ನಾನು. ಹೊತ್ತಿಗೆ ಮೊದಲೇ ಇಳಿಸಿದೆ. ನನ್ನ ಕಿವಿಗೆ ಗಡಗಡ ಎಂದೇ ಕೇಳಿತ್ತು, ಅಥವಾ ಹಾಗೆ ಕೇಳಬೇಕೆಂದಿತ್ತು. ಅಂದು ಬೆಳಿಗ್ಗೆ ಅತ್ತಿಗೆ, "ಇವ್ರನ್ನ ಜಗಲೀಗೆ ತಂದು ಮಲಗ್ಸಾನ ಕಣೋ. ರಂಗಪ್ಪ ಒಂದ್ ಕಡೆ ಹಿಡೀತಾನೆ. ಕಾಯಿ ಒಡೆಯೋದು ನೋಡ್ಲಿ," ಎಂದಿದ್ದರು. ನಾನು ಆಮೇಲೆ ನೋಡೋಣ ಎಂದೆ. ಜಗಲಿಗೆ ತಂದರೆ ಅವನ ಕಣ್ಣು ಮತ್ತೆ ನನ್ನ ಮೇಲೆ. ಮಾತಿಲ್ಲದಿದ್ದರೂ ಆ ಕಣ್ಣಿತ್ತು. ಕೋಣೆಯೊಳಗೆ ಅದು ಟಿವಿಯ ಮೇಲಿರುತ್ತಿತ್ತು.

ಹೊರಗೆ ಚಿಪ್ಪು ಒಡೆಯತೊಡಗಿದರು. ಒಣಗಿದ ಕಾಯಿಯ ಸದ್ದು ಬೇರೆ, ನೀರು ಹಿಂಗದ ಕಾಯಿಯ ಸದ್ದು ಬೇರೆ. ಅಂದು ನನ್ನ ಕಿವಿಗೂ ಅದು ತಿಳಿಯಿತು. ಆಗಲೇ ಅಣ್ಣನ ಎಡಗೈ ಗೆಣ್ಣು ಮಂಚದ ಪಟ್ಟಿಗೆ — ಟಕ್, ಟಕ್. ಗಂಟಲಿನಿಂದ ಒಂದು ಸದ್ದು. ಕಣ್ಣು ಕಿಟಕಿಯ ಕಡೆ ಹೋಯಿತು.

ಹೋಯಿತೇ? ಕಿಟಕಿಯಿದ್ದದ್ದು ಟಿವಿಯ ಪಕ್ಕದಲ್ಲೇ. ಟಿವಿ ನೋಡುವವನ ಕಣ್ಣೂ ಅತ್ತಲೇ ಇರುತ್ತದೆ. ಆ ವಾಕ್ಯವನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ಇರಲಿ, ನಂಬಬೇಡಿ. ಅತ್ತಿಗೆ ಬಂದು ಕೇಳಿದ್ದು, ನಾನು ಉತ್ತರ ಕೊಟ್ಟದ್ದು, ಅದನ್ನು ಮಾತ್ರ ನಂಬಿ.

ಆಮೇಲೆ ಅವನು ತಟ್ಟಲಿಲ್ಲ ಎಂದು ನನ್ನ ನೆನಪು ಹೇಳುತ್ತದೆ. ಇಷ್ಟು ಅಚ್ಚುಕಟ್ಟಾಗಿ ಹೇಳುವುದರಿಂದಲೇ ಅನುಮಾನ. ತಟ್ಟಿರಬಹುದು, ಆ ಗದ್ದಲದಲ್ಲಿ ನನಗೆ ಕೇಳಿಸಿರಲಿಕ್ಕಿಲ್ಲ. ಆ ಸಲದ ಕೊಬ್ಬರಿಗೆ ಬೂಸ್ಟು ಬಂತು. ಅಟ್ಟ ಸೋರಿತ್ತು ಎಂದೆ. ಎಲ್ಲರೂ ಒಪ್ಪಿಕೊಂಡರು. ಇಲ್ಲ ಎನ್ನಬಲ್ಲವನು ಡಾರ್ಟ್ಸ್ ನೋಡುತ್ತ ಮಲಗಿದ್ದ. ಮುಂದಿನ ಮಳೆಗಾಲದಲ್ಲಿ ತೀರಿಕೊಂಡ. ಜಗಲಿಗೆ ಅವನು ಬಂದದ್ದು ಆಗಲೇ.

ನಮ್ಮಲ್ಲಿ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಹೊಸ ಬಟ್ಟೆ, ಒಬ್ಬಟ್ಟು, ವಡೆ. ಅದರ ಜೊತೆಗೆ ಸತ್ತವರಿಗೆ ಏನು ಇಷ್ಟವಿತ್ತೋ ಅದು — ನಮ್ಮಜ್ಜಿಗೆ ಎಲೆಯಡಿಕೆ, ಅಪ್ಪನಿಗೆ ನಶ್ಯದ ಡಬ್ಬಿ. ಇಟ್ಟು, ಅವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಕೂರುತ್ತೇವೆ. ಅಣ್ಣನ ಮೊದಲ ಎಡೆಗೆ ಅತ್ತಿಗೆ ತಿಪಟೂರಿನ ಅಂಗಡಿಯಿಂದ ಮಕ್ಕಳಾಡುವ ಡಾರ್ಟ್ಸ್ ಹಲಗೆ ತಂದರು. ಒಬ್ಬಟ್ಟಿನ ಪಕ್ಕ ಮೂರು ಪ್ಲಾಸ್ಟಿಕ್ ಬಾಣ. ಕೆಲವು ವರ್ಷಗಳ ಮೇಲೆ ಅಣ್ಣನ ಮಗಳು ಸಿಂಚನ, ಟಿವಿಯನ್ನೂ ಹಾಕಿಡೋಣ ಎಂದಳು. ಅವನಿಗೆ ಲಕ್ವ ಹೊಡೆದಾಗ ಅವಳಿನ್ನೂ ತೊಟ್ಟಿಲು ಬಿಟ್ಟಿರಲಿಲ್ಲ. ಮನೆಯಲ್ಲಿ ಆ ಆಟ ತಿಳಿದವನು ನಾನೊಬ್ಬನೇ. ಹಾಗಾಗಿ ಪ್ರತಿ ವರ್ಷ ಫೋನಿನಲ್ಲಿ ಹಳೆಯ ಪಂದ್ಯ ಹುಡುಕಿ ಟಿವಿಗೆ ಹಾಕುವವನು ನಾನೇ, ಸದ್ದು ಜೋರು ಮಾಡುವವನು ನಾನೇ, ಬಾಗಿಲು ಮುಚ್ಚುವವನು ನಾನೇ. ಸತ್ತವನನ್ನು ಕರೆದು ಮತ್ತೆ ಅದೇ ಕೋಣೆಯೊಳಗೆ, ಅದೇ ಕೂಗಾಟದ ಎದುರು ಕೂಡಿಹಾಕಿ ಹೊರಗೆ ಕೂತಿರುತ್ತೇನೆ. ಒಳಗೆ ಜನ ಹಾಡುತ್ತಾರೆ. ಬಾಗಿಲು ತೆಗೆಯುವ ಹಾಗಿಲ್ಲ.

ಈ ವರ್ಷ ಬಾಗಿಲು ಮುಚ್ಚಿ ಹೊರಗೆ ಕೂತಿದ್ದಾಗ, ಸಿಂಚನ ನಮ್ಮ ಊಟದ ಬಾಳೆಲೆಗೆಂದು ಹಿತ್ತಲಿಗೆ ಹೋದ ಹೊತ್ತು ನೋಡಿ ಅತ್ತಿಗೆಗೆ ಹೇಳಿಬಿಟ್ಟೆ. ಎಲ್ಲವನ್ನೂ: ಆಟ ಇಷ್ಟವಿದ್ದದ್ದು ನನಗೆ, ಬೂಸ್ಟು ಬಂದದ್ದು ನನ್ನಿಂದ, ಅವನು ಏನನ್ನೋ ಕೇಳಿದ, ಅದನ್ನು ನಾನು ಮುಚ್ಚಿದೆ. ಅತ್ತಿಗೆ ಬೆರಳಿಗಂಟಿದ್ದ ಹೂರಣವನ್ನು ಉಜ್ಜಿ ತೆಗೆಯುತ್ತಿದ್ದರು. ಹೂರಣ ಹೋದ ಮೇಲೂ ಉಜ್ಜುತ್ತಿದ್ದರು.

"ಅವತ್ತೇ ಹೇಳಿದ್ರೆ ಹೊರಗೆ ತಂದು ಮಲಗಿಸ್ತಿದ್ದೆ," ಎಂದರು.

ಆಮೇಲೆ ಹಿತ್ತಲ ಕಡೆ ನೋಡಿ, "ಆ ಮಗೀಗೆ ಹೇಳ್ಬ್ಯಾಡ. ಅವ್ರಪ್ಪ ನಡೆದಿದ್ದು ಅವಳಿಗೆ ನೆನಪಿಲ್ಲ, ಮಾತಾಡಿದ್ದು ನೆನಪಿಲ್ಲ. ಅಪ್ಪ ಅಂದ್ರೆ ಇದೊಂದೇ ಅವಳಿಗೆ ಗೊತ್ತಿರೋದು. ಇದನ್ನೂ ಕಿತ್ಕತೀಯಾ?"

"ಸುಳ್ಳಲ್ವಾ ಅತ್ಗೆ?"

"ಸುಳ್ಳು ಹೇಳಿದ್ದು ನೀನು. ನೀನೇ ಇಟ್ಕಾ."

ಸಿಂಚನ ಎಲೆ ಹಿಡಿದುಕೊಂಡು ಬಂದಳು. "ಚಿಕ್ಕಪ್ಪ, ಮುಂದಿನ್ ವರ್ಷ ಪ್ಲಾಸ್ಟಿಕ್ ಬ್ಯಾಡ. ಟಿವೀಲಿ ಬರೋ ಅಂಥದ್ದೇ ಬೋರ್ಡ್ ತರಾನ. ಅಪ್ಪಂಗೆ ಇದು ನೋಡಿ ನಗು ಬರ್ತದೆ."

ಹೂಂ ಎಂದೆ. ಅತ್ತಿಗೆ ಬಾಗಿಲು ತೆಗೆಯಲು ಎದ್ದರು.

ಇಲ್ಲಿ ಹೆಸರುಗಳನ್ನು ಬದಲಿಸಿದ್ದೇನೆ. ಆದರೂ ಓದಿದರೆ ಸಿಂಚನಳಿಗೆ ಗೊತ್ತಾಗುತ್ತದೆ. ಅತ್ತಿಗೆಗೆ ಕೊಟ್ಟ ಮಾತನ್ನು ಮೀರಿದೆನೋ — ಮಾತು ಕೊಟ್ಟೆನೇ? ಸುಮ್ಮನಿದ್ದೆ, ಅಷ್ಟೇ. ಅವರು ನನ್ನನ್ನು ಕ್ಷಮಿಸಿದರೋ ಇಲ್ಲವೋ ಕೇಳಿಲ್ಲ. ಅಣ್ಣ ಜಗಲಿಗೆ ಕರೆದುಕೊಂಡು ಹೋಗು ಎಂದು ತಟ್ಟಿದನೋ, ಕಾಯಿ ಒಡೆಯುವುದನ್ನು ನಿಲ್ಲಿಸು ಎಂದೋ, ಈ ಆಟ ಸಾಕು ಎಂದೋ, ಅಥವಾ ನಿಜಕ್ಕೂ ಜೋರು ಮಾಡು ಎಂದೇ ತಟ್ಟಿದನೋ. ಹೂಂ ಎಂದರೆ ಒಂದು ಸಲ, ಊಹೂಂ ಎಂದರೆ ಎರಡು ಸಲ ತಟ್ಟು ಎಂದು ಹೇಳಿ ಕೇಳಬಹುದಾಗಿತ್ತು. ಅವನ ಎಡಗೈ ಆಡುತ್ತಿತ್ತು, ಕಿವಿ ಕೇಳುತ್ತಿತ್ತು. ನಾನು ಕೇಳಲಿಲ್ಲ. ಆದ್ದರಿಂದ ನನಗೆ ಗೊತ್ತಿಲ್ಲ.