ಗೌರಕ್ಕನ ಹೊಲಕ್ಕೆ ಮಂದೆ ಬಿಟ್ಟದ್ದು

ಪುರವರದ ಹತ್ತಿರದ ಹಳ್ಳಿಯ ಗೌರಕ್ಕನಿಗೆ ಒಡಹುಟ್ಟಿದವರಿಲ್ಲ. ಆ ಕೊರತೆ ತುಂಬಿದವನು ಕುರಿ ಕಾಯುವ ದಾಸಣ್ಣ. ಬೆಳೆ ಮುಗಿದ ಹೊಲದಲ್ಲಿ ಕುರಿಮಂದೆ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಕುರಿಗೆ ಮೇವು. ಪ್ರತಿ ವರ್ಷ ಅವನ ಮಂದೆ ಮೊದಲು ಇಳಿಯುತ್ತಿದ್ದುದು ಅವಳ ಹೊಲಕ್ಕೇ. "ಅಕ್ಕಾ, ಮುದ್ದೆ ಆಗೈತಾ?" ಎಂದು ಕೂಗಿಯೇ ಅವನು ಕೋಲು ಊರುತ್ತಿದ್ದ. ಕೆಂಚಿ ಎಂಬ ಕುರಿಯಂತೂ ಅವಳ ಸೆರಗು ಜಗ್ಗಿ ಮುದ್ದೆ ಕಿತ್ತುಕೊಳ್ಳುವಷ್ಟು ಕೊಬ್ಬಿತ್ತು.

ಈ ಸುಖಕ್ಕೆ ಕಲ್ಲು ಹಾಕಿದ್ದು ಪ್ಲಾಸ್ಟಿಕ್. ಕಳೆ ಬಾರದಿರಲಿ, ತೇವ ಆರದಿರಲಿ ಎಂದು ಊರೆಲ್ಲ ತರಕಾರಿ ಸಾಲಿಗೆ ಮಲ್ಚಿಂಗ್ ಶೀಟ್ ಎಂಬ ಕಪ್ಪು ಹಾಳೆ ಹೊದಿಸಿದಾಗ ಗೌರಕ್ಕನೂ ಹೊದಿಸಿದಳು. ದಾಸಣ್ಣ ಬದುವಿನಲ್ಲೇ ನಿಂತ. "ಚೂರು ತಿಂದ್ರೂ ಕುರಿ ಉಳಿಯಲ್ಲ ಕಣಕ್ಕ" ಎಂದು ಮಂದೆ ತಿರುಗಿಸಿಕೊಂಡು ಹೋದ. ಆ ವರ್ಷ ಅವಳಿಗೆ ಹೊಲವೆಲ್ಲ ಬಿಕೋ ಎಂದಿತು.

ಅದಕ್ಕೇ ಮರುವರ್ಷ ಮಧುಗಿರಿಯಿಂದ ಮಣ್ಣಲ್ಲಿ ಕರಗುವ ಶೀಟ್ ತಂದಳು. ಬೆಳೆ ಮುಗಿಯುವಷ್ಟರಲ್ಲಿ ತಾನೇ ಮಣ್ಣಾಗುತ್ತದೆ ಎಂದು ಅಂಗಡಿಯವನು ಹೇಳಿದ್ದ. ಯಾವ ಊರಿನ ಮಳೆ ನಂಬಿ ಹಾಗೆ ಹೇಳಿದನೋ! ಈ ಸೀಮೆಯ ಬಿಸಿಲಿಗೆ ಶೀಟು ಸೌತೆ ಕಾಯಿ ಬಿಡುವ ಮೊದಲೇ ಹಪ್ಪಳದಂತೆ ಒಡೆದು ಗಾಳಿಗೆ ಹಾರಿಹೋಯಿತು. ಮೇಲೆ ಏನೂ ಕಾಣದಾದಾಗ ಗೌರಕ್ಕ ಎಲ್ಲ ಕರಗಿತೆಂದೇ ತಿಳಿದಳು. ಆದರೆ ಶೀಟಿನ ಅಂಚು ಮಣ್ಣೊಳಗೆ ಹೂತಿರುತ್ತದೆ. ಅದು ಕರಗಬೇಕಾದರೆ ಮಣ್ಣು ಹಸಿಯಾಗಿರಬೇಕು. ಆ ಸಲ ಮುಂಗಾರು ಇತ್ತ ತಲೆ ಹಾಕಲಿಲ್ಲ, ಹನಿ ನೀರು ಬಿಡುವ ಡ್ರಿಪ್ ಪೈಪನ್ನೂ ಬೆಳೆ ಮುಗಿದೊಡನೆ ಸುತ್ತಿಟ್ಟಾಗಿತ್ತು.

"ನಿಜವಾಗ್ಲೂ ಕರಗೈತಾ ಅಕ್ಕ?" ಮಂದೆಯೊಡನೆ ಬದುವಿಗೆ ಬಂದ ದಾಸಣ್ಣ ಕೇಳಿದ.

"ನನ್ನಾಣೆ ಕಣೋ. ನಿನ್ ಮಂದೆ ಬರ್ಲಿ ಅಂತ್ಲೇ ಇದ್ನ ತಂದಿದ್ದು. ಬುಡು ಕುರೀನ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕುರಿಗಳು ಒಣಗಿದ ಬಳ್ಳಿ ಜಗ್ಗಿದಾಗ ಬೇರಿಗೆ ಅಂಟಿದ್ದ ಶೀಟೂ ಮೇಲೆ ಬಂತು, ಬಳ್ಳಿಯ ಜೊತೆಗೆ ಹೊಟ್ಟೆಗೂ ಹೋಯಿತು. ದಿನ ಕಳೆದಂತೆ ಒಂದೊಂದೇ ಕುರಿ ಮೇವು ಬಿಟ್ಟಿತು, ಹೊಟ್ಟೆ ಉಬ್ಬಿ ಮಲಗಿತು. ಕೆಂಚಿ ಸತ್ತಾಗ ಅದು ಗಬ್ಬವಾಗಿತ್ತು. ದನದ ಡಾಕ್ಟರು ಅದರ ಹೊಟ್ಟೆ ಕೊಯ್ದು ತೆಗೆದ ಶೀಟಿನ ಕಪ್ಪು ಉಂಡೆಯನ್ನು ನೋಡಿ ಗೌರಕ್ಕ ದಾಸಣ್ಣನ ಕಾಲಿಗೆ ಬೀಳಹೋದಳು. ಅವನು ಹಿಂದಕ್ಕೆ ಸರಿದ.

"ಬುಡಕ್ಕ. ನೀನೂ ಗೊತ್ತಿಲ್ದೆ ಅಂದೆ, ನಾನೂ ನಂಬ್ದೆ."

ಬೈದಿದ್ದರೆ ಅವಳು ಅಷ್ಟು ಅಳುತ್ತಿರಲಿಲ್ಲ.

ಹಾಳು ಮಳೆ ಆಮೇಲೆ ಬಂತು, ಕೆರೆಗಳು ಕೋಡಿ ಬೀಳುವಷ್ಟು ಬಂತು. ಗೌರಕ್ಕ ಒಂದೊಂದು ಸಾಲನ್ನೂ ಕೈಯಲ್ಲಿ ಕೆದಕಿದಳು. ಶೀಟಿನ ಒಂದು ಎಳೆಯೂ ಸಿಗಲಿಲ್ಲ. ಇನ್ನೊಂದು ಬೆಳೆ ಮುಗಿದ ಮೇಲೆ ದಾರಿಯಲ್ಲಿ ಮಂದೆ ಕಂಡದ್ದೇ ಬದುವಿಗೆ ಓಡಿದಳು.

"ದಾಸಣ್ಣ, ಎಲ್ಲಾ ಕರಗೋಗೈತೆ ಕಣೋ. ನಾನೇ ಕೆದಕಿ ನೋಡಿದೀನಿ. ಬಾರೋ."

"ಇರ್ಲಿ ಬುಡಕ್ಕ, ಮುಂದಿನ ಊರ್ನಾಗೆ ಮಂದೆ ಬುಡಾಕೆ ಒಪ್ಕಂಡಿದೀನಿ" ಎಂದ, ಅವಳ ಮುಖ ನೋಡದೆ.

ಅಷ್ಟರಲ್ಲಿ ಒಂದು ಮರಿ ಅವಳ ಬದುವಿನ ಗರಿಕೆಗೆ ಬಾಯಿ ಹಾಕಿತು. ದಾಸಣ್ಣ ಓಡಿ ಬಂದು, ಅದರ ದವಡೆ ಬಿಡಿಸಿ, ಬೆರಳು ಹಾಕಿ ಹುಲ್ಲನ್ನೆಲ್ಲ ಈಚೆಗೆ ತೆಗೆದ. ತೆಗೆದದ್ದನ್ನು ಅಂಗೈಯಲ್ಲಿ ಹರಡಿ ನೋಡಿದ. ಬರೀ ಹುಲ್ಲು. ಆದರೂ ಮರಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.