ಗೋಳಿಬಜೆ ಹಫ್ತಾ

ಗ್ಲೆನ್ ವೇವರ್ಲಿಯಲ್ಲಿ ತಿಂಡಿ ಅಂಗಡಿ ಇಟ್ಟಿರುವ ಕಾಂತಪ್ಪನಿಗೆ ಶನಿವಾರ ಬಂತೆಂದರೆ ಕಣ್ಣೆಲ್ಲ ಬಾಗಿಲ ಮೇಲೆಯೇ. ಹಫ್ತಾ ವಸೂಲಿಯ ಇಟಲಿಯವನು, ವಿತ್ತೋರಿಯೊ, ಬರುವ ದಿನ ಅದು. ಆಸಾಮಿ ಬಾಗಿಲಿಗಿಂತ ಅಗಲ, ಓರೆಯಾಗಿಯೇ ಒಳನುಸುಳಬೇಕು. ಮೋಡ ಕವಿದಿದ್ದರೂ ಕಪ್ಪು ಕನ್ನಡಕ. ಕೋಟಿನೊಳಗೆ ಪಿಸ್ತೂಲಿನಂತೆ ಉಬ್ಬಿರುವುದು ಮಡಚುವ ಫೋನು. "ಒಳ್ಳೇ ಅಂಗಡಿ ಕಾಂತಪ್ಪ, ಏನಾದ್ರೂ ಆದ್ರೆ ಪಾಪ ಅಲ್ವಾ?" ಎಂದು ಉಂಗುರದ ಬೆರಳಿನಿಂದ ಗಾಜು ಕುಟ್ಟುತ್ತಾನೆ. ಮೊದಲ ವಾರ ಡಾಲರ್ ಕೇಳಲೆಂದು ತೆರೆದ ಬಾಯಿಗೆ ಬಿಸಿ ಗೋಳಿಬಜೆ ಬಿದ್ದದ್ದೇ ತಡ, ಡಾಲರ್ ಮರೆತುಹೋಯಿತು. ಅಂದಿನಿಂದ ಸ್ಟೀಲ್ ಡಬ್ಬಿ ತುಂಬ ಗೋಳಿಬಜೆಯೇ ವಾರದ ಹಫ್ತಾ. ಆದರೆ ವಿತ್ತೋರಿಯೊನ ಅಮ್ಮ ಇನ್ನೊಬ್ಬರ ಪಾತ್ರೆಯನ್ನು ಖಾಲಿ ಕಳಿಸುವ ಹೆಂಗಸಲ್ಲ. ಡಬ್ಬಿ ಮರಳುವಾಗ ಅದರಲ್ಲಿ ಹಿತ್ತಲಿನ ಅಂಜೂರವೋ, ಕೈಯಲ್ಲೇ ಹೊಸೆದ ಪಾಸ್ತಾವೋ ಇದ್ದೇ ಇರುತ್ತಿತ್ತು. "ಹೀಗಾದ್ರೆ ಅವ್ರಿಗೇ ಲಾಸು ಮಾರಾಯ್ರೆ," ಎಂದು ಕಾಂತಪ್ಪನ ಹೆಂಡತಿ ಸ್ವರ್ಣಲತಾ ನಗುತ್ತಿದ್ದಳು. ಕಳೆದ ಶನಿವಾರ ಡಬ್ಬಿ ಖಾಲಿಯಾಗಿ ಬಂತು. ವಿತ್ತೋರಿಯೊ ಗಾಜು ಕುಟ್ಟಲಿಲ್ಲ. "ಮಮ್ಮಾ ಹೋಗ್ಬಿಟ್ಳು," ಎಂದ. "ಡಬ್ಬಿಗೆ ಏನ್ ಹಾಕ್ಬೇಕು ಅಂತ ನಂಗೆ ಗೊತ್ತಾಗ್ಲಿಲ್ಲ." ಕಾಂತಪ್ಪ ಡಬ್ಬಿಯನ್ನು ಒತ್ತಿ ಒತ್ತಿ ತುಂಬಿಸಿ ಅವನ ಎದೆಗೆ ಹಿಡಿದು, ಹುಟ್ಟಿದ ಮೇಲೆ ಮೊದಲ ಸಲ ಒಬ್ಬರನ್ನು ಗದರಿದ: "ನಾಳೆ ಮನೆಗೆ ಊಟಕ್ಕೆ ಬರ್ಬೇಕು. ಬರ್ಲಿಲ್ವೋ, ಆಮೇಲೆ ನೋಡು!"